ಬೆಣ್ಣೆ ದೋಸೆಯ ಅಜ್ಞಾತವಾಸ

ತಂಗಿಯ ಮಗ ಬೇಸಿಗೆ ರಜೆಗೆ ದಾವಣಗೆರೆಗೆ ಬಂದಿದ್ದ. ಏಳು ವರ್ಷದವನು. ಟಿವಿಯಲ್ಲಿ ಸೂಪರ್‌ಮ್ಯಾನ್ ನೋಡುತ್ತಾ ಕೇಳಿದ: "ಮಾಮಾ, ಬರೀ ಕನ್ನಡಕ ಹಾಕ್ಕೊಂಡ್ರೆ ಯಾರಿಗೂ ಗೊತ್ತಾಗಲ್ವಾ?"

ನಾನು ನನ್ನ ಕನ್ನಡಕ ತೆಗೆದು, "ಈಗ ನಾನ್ಯಾರು ಹೇಳು" ಎಂದೆ.

"ಮಾಮಾನೇ" ಎಂದ. ಅವನ ಪಾಲಿಗೆ ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಹುಟ್ಟಿಸಿದ ಸೂಪರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಕಾಣಿಸಿಕೊಂಡ. ಅಂದಿನಿಂದಲೂ ಅವನು ಕ್ಲಾರ್ಕ್ ಕೆಂಟ್ ಎಂಬ ಹೆಸರಲ್ಲಿ, ಕನ್ನಡಕ, ಕೋಟು ಹಾಕಿಕೊಂಡು ಪತ್ರಿಕೆ ಆಫೀಸಿಗೆ ಹೋಗುತ್ತಾನೆ. ಕಾರನ್ನೇ ಎತ್ತಿ ಬಿಸಾಡುವವನು ಸಂಪಾದಕರ ಹತ್ತಿರ ಬೈಸಿಕೊಳ್ಳುತ್ತಾನೆ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್‌ನ ಪಾಡು ಇನ್ನೂ ಚೆಂದ. ತನ್ನ ಫೋಟೊ ತಾನೇ ತೆಗೆದು, ತನ್ನನ್ನೇ ಬೈಯುವ ಪತ್ರಿಕೆಗೆ ಮಾರಿ ಜೇಬುಖರ್ಚು ನೋಡಿಕೊಳ್ಳುತ್ತಾನೆ. 1997ರಲ್ಲಿ ದೂರದರ್ಶನಕ್ಕೆ ಬಂದ ನಮ್ಮ ಶಕ್ತಿಮಾನ್ ಕೂಡ ಉಬ್ಬುಹಲ್ಲಿನ ಗಂಗಾಧರನಾಗಿ ಪತ್ರಿಕೆಯನ್ನೇ ಸೇರಿದ.

ಎಲ್ಲಿ ಬೆಂಕಿ ಬಿತ್ತು ಎನ್ನುವ ಸುದ್ದಿ ಅಲ್ಲಿಗೇ ಮೊದಲು ಬರುತ್ತದೆ, ಅದಕ್ಕೇ ಹೀಗೆ ಎನ್ನುತ್ತಾರೆ. ಇರಬಹುದು. ನನ್ನ ಅನುಮಾನ ಬೇರೆ. ಇವರಿಗೆ ಆ ಕೆಲಸ ಸುಮ್ನೆ ಇಷ್ಟ. ವೇಷ ಎನ್ನುವುದು ಒಂದು ನೆಪ ಅಷ್ಟೆ.

ಪಾಂಡವರನ್ನೇ ನೋಡಿ. ಅಜ್ಞಾತವಾಸಕ್ಕೆ ಅಂತ ವಿರಾಟನ ಮನೆ ಸೇರಿದರು. ಯಾವ ಕೆಲಸ ಹಿಡಿದರು? ಜೂಜಾಡಿ ರಾಜ್ಯ ಕಳೆದ ಧರ್ಮರಾಯ ಕಂಕನಾಗಿ, ದೊರೆಯ ಜೊತೆ ಪಗಡೆ ಆಡುವುದನ್ನೇ ನೌಕರಿ ಮಾಡಿಕೊಂಡ. ಹೊಟ್ಟೆಬಾಕ ಭೀಮ ವಲಲನಾಗಿ ಅಡಿಗೆಮನೆಗೇ ನುಗ್ಗಿದ. ಹನ್ನೆರಡು ವರ್ಷ ಕಾಡಿನಲ್ಲಿ ಗೆಡ್ಡೆ ಗೆಣಸು ತಿಂದವನಿಗೆ ಇದಕ್ಕಿಂತ ಒಳ್ಳೆಯ ಪೋಸ್ಟಿಂಗ್ ಎಲ್ಲಿದೆ? ಅರ್ಜುನ ಗಾಂಡೀವವನ್ನು ಬನ್ನಿ ಮರಕ್ಕೆ ಕಟ್ಟಿ, ಬೃಹನ್ನಳೆಯಾಗಿ ಕುಣಿತ ಕಲಿಸಿಕೊಂಡು ಹಾಯಾಗಿದ್ದ. ಪಾಪ, ದ್ರೌಪದಿಗೆ ಮಾತ್ರ ಈ ಸುಖ ಇಲ್ಲ. ಸೈರಂಧ್ರಿಯಾಗಿ ಇನ್ನೊಬ್ಬಳ ತಲೆ ಬಾಚಬೇಕು, ಮೇಲೆ ಕೀಚಕನ ಕಾಟ. ವೇಷ ಹಾಕಿದರೂ ಹೆಂಗಸರಿಗೆ ರಜೆ ಸಿಗುವುದಿಲ್ಲ ನೋಡಿ. ಆ ಕೀಚಕ ಸತ್ತ ರೀತಿ ಕೇಳಿಯೇ ದುರ್ಯೋಧನನಿಗೆ ಭೀಮನ ವಾಸನೆ ಹತ್ತಿತು.

ಕನ್ನಡಕದ ವಿಷಯಕ್ಕೆ ಬರುತ್ತೇನೆ. ಅದೂ ಸಾಧ್ಯ ಅಂತ ನನಗೆ ಗೊತ್ತಾದದ್ದು ಬ್ಯಾಂಕಿನಲ್ಲಿ.

ನಾನು ಬೆಳಿಗ್ಗೆ ಹೋಗುವ ದೋಸೆ ಹೋಟೆಲಿನಲ್ಲಿ ಒಬ್ಬ ಭಟ್ಟರಿದ್ದಾರೆ. ಬನಿಯನ್ನು, ಹೆಗಲ ಮೇಲೆ ಟವೆಲ್ಲು, ಎದುರಿಗೆ ಸೌದೆ ಒಲೆಯ ಹೊಗೆ. ಕಾವಲಿ ಮೇಲೆ ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತದೆ. ಸಾಲಾಗಿ ಹಿಟ್ಟು ಹುಯ್ಯುತ್ತಾರೆ, ಬೆಣ್ಣೆ ಹಾಕುವಾಗ ಕೈ ಹಿಡಿಯುವವರಲ್ಲ. ಆ ಹೊತ್ತಿಗೆ ಡಾಕ್ಟರು, ವಕೀಲರು, ಮಂಡಿಪೇಟೆ ಸಾಹುಕಾರರು ಎಲ್ಲರೂ ಅವರ ಕೈಯನ್ನೇ ನೋಡುತ್ತಾ ಕೂತಿರುತ್ತಾರೆ. ಹಾರುವುದೊಂದು ಬಿಟ್ಟರೆ ಅವರು ಸೂಪರ್‌ಮ್ಯಾನೇ.

ಈಚೆಗೆ ಹೆಂಡತಿ ಜೊತೆ ಬ್ಯಾಂಕಿಗೆ ಹೋಗಿದ್ದೆ. ಸಾಲಿನಲ್ಲಿ ಮುಂದೆ ಇಸ್ತ್ರಿ ಅಂಗಿಯ ಒಬ್ಬರು ಚಲನ್ ತುಂಬಲು ಒದ್ದಾಡುತ್ತಿದ್ದರು. ಪೆನ್ನು ಕೇಳಿದರು, ಕೊಟ್ಟೆ. ಕ್ಲರ್ಕು ಗದರಿದಾಗ ತಲೆ ತಗ್ಗಿಸಿದರು. ಐದು ನಿಮಿಷ ಪಕ್ಕದಲ್ಲೇ ನಿಂತಿದ್ದೆ. ನಾಲ್ಕು ವರ್ಷದಿಂದ ನೋಡುತ್ತಿರುವ ಮುಖ, ಗುರುತೇ ಸಿಗಲಿಲ್ಲ. ಹೊಗೆ ಇಲ್ಲ, ಟವೆಲ್ ಇಲ್ಲ, ಅಷ್ಟೇ ವ್ಯತ್ಯಾಸ. ಆ ಜನ ಕ್ಲಾರ್ಕ್ ಕೆಂಟ್‌ನನ್ನು ಗುರುತಿಸದೇ ಇದ್ದದ್ದಕ್ಕೆ ಇನ್ನು ನಾನು ನಗುವುದಿಲ್ಲ.

ಅವರು ಮಾತ್ರ ನನ್ನನ್ನು ಗುರುತಿಸಿದರು. ಪೆನ್ನು ವಾಪಸ್ ಕೊಡುತ್ತಾ ಬಾಯ್ತುಂಬಾ ನಕ್ಕರು.

"ಯಾಕ್ ಸಾರ್, ಇವತ್ತು ಬರ್ಲೇ ಇಲ್ಲ? ನಿಮ್ ಮೂಲೆ ಟೇಬಲ್ ಖಾಲಿ ಇತ್ತಲ್ರೀ."

ಇಲ್ಲಿ ಒಂದು ವಿಷಯ ಹೇಳಬೇಕು. ಕೊಲೆಸ್ಟ್ರಾಲ್ ಜಾಸ್ತಿ, ಬೆಣ್ಣೆ ಮುಟ್ಟಬೇಡಿ ಎಂದು ಡಾಕ್ಟರು ಹೇಳಿ ಒಂದು ವರ್ಷವಾಯಿತು. ಅಂದಿನಿಂದ ನಾನು ದಿನಾ ಆರು ಗಂಟೆಗೆ ವಾಕಿಂಗ್ ಶೂ, ಮಂಕಿ ಕ್ಯಾಪ್ ಹಾಕಿಕೊಂಡು ಕುಂದುವಾಡ ಕೆರೆಗೆಂದು ಹೊರಡುತ್ತೇನೆ. ಆ ಕೆರೆ ನಾಲ್ಕು ಟೇಬಲ್ಲಿನ ಆ ಹೋಟೆಲಿನಲ್ಲಿದೆ.

ಹೆಂಡತಿ ಏನೂ ಹೇಳಲಿಲ್ಲ. ಮನೆವರೆಗೂ ಸ್ಕೂಟರಿನ ಹಿಂದೆ ಸುಮ್ಮನೆ ಕೂತಿದ್ದಳು. ತಾನು ಯಾರೆಂದು ಕ್ಲಾರ್ಕ್ ತನ್ನ ಪ್ರೇಯಸಿ ಲೋಯಿಸ್‌ಗೆ ಬಾಯಿಬಿಟ್ಟು ಹೇಳಿದ್ದು 1991ರಲ್ಲಿ. 53 ವರ್ಷ ಎಳೆದಿದ್ದ, ಪುಣ್ಯಾತ್ಮ. ನನ್ನದು ಒಂದೇ ವರ್ಷಕ್ಕೆ ಮುಗಿಯಿತಲ್ಲ ಎಂದುಕೊಂಡೆ.

ಗೇಟು ತೆಗೆಯುತ್ತಾ ಕೊನೆಗೂ ಕೇಳಿದೆ, "ಏನೇ, ಬೇಜಾರಾಯ್ತಾ?"

"ಇವತ್ತೇನು ಹೊಸದಾಗಿ ಬೇಜಾರು?" ಎಂದಳು. "ನಿಮ್ಮ ಶೂ ಒರೆಸಿಡೋದು ಯಾರು? ವರ್ಷದಿಂದ ಒಂದು ದಿನ ಮಣ್ಣು ಹತ್ತಿಲ್ಲ."