ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಮ್ಯಾರಥಾನ್ ಓಡಬೇಕಾ?

ಪರ: ಓಡುವವರನ್ನು ಜನ ಮಾತಾಡಿಸುತ್ತಾರೆ

ಟೆರ್ರಿ ಫಾಕ್ಸ್ ಕೆನಡಾದ ಹುಡುಗ. ಮೂಳೆಯ ಕ್ಯಾನ್ಸರ್ ಬಂದು 1977ರಲ್ಲಿ ಬಲಗಾಲು ಕಳೆದುಕೊಂಡ. ಆಗ ಅವನಿಗೆ 18 ವರ್ಷ. ವರ್ಷಕ್ಕೂ ಜಾಸ್ತಿ ತಯಾರಿ ಮಾಡಿ, 1980ರ ಏಪ್ರಿಲ್‌ನಲ್ಲಿ ಕೃತಕ ಕಾಲು ಕಟ್ಟಿಕೊಂಡು ದೇಶದ ಉದ್ದಕ್ಕೂ ಓಡಲು ಹೊರಟ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್. 143 ದಿನ, 5,373 ಕಿ.ಮೀ. ಆದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದ್ದು ಗೊತ್ತಾಗಿ ನಿಲ್ಲಿಸಬೇಕಾಯಿತು. ಮರುವರ್ಷ ತೀರಿಕೊಂಡ. ಸಂಶೋಧನೆಗೆಂದು ಅವನು ಕೇಳಿದ್ದು ಪ್ರತಿಯೊಬ್ಬ ಕೆನಡಿಯನ್‌ನಿಂದ ಒಂದು ಡಾಲರ್. ಅವನು ಬದುಕಿರುವಾಗಲೇ 2.4 ಕೋಟಿ ಡಾಲರ್ ಕೂಡಿತ್ತು.

"ಓಡೋದ್ಯಾಕೆ? ಸುಮ್ನೆ ಹಣ ಕೊಟ್ಟರೆ ಸಾಲದಾ?" ಅನ್ನುವವರಿದ್ದಾರೆ. ಹಾಗೆ ಹೇಳುವವರು ಸುಮ್ನೆ ಕೊಟ್ಟಿದ್ದನ್ನೂ ನಾನು ನೋಡಿಲ್ಲ.

ಮ್ಯಾರಥಾನ್ ಅಂದರೆ 42.195 ಕಿ.ಮೀ. ತಯಾರಿಗೆ ಏನಿಲ್ಲವೆಂದರೂ ನಾಲ್ಕು ತಿಂಗಳು ಬೇಕು. ಭಾನುವಾರದ ಲಾಂಗ್ ರನ್ ನಿಧಾನವಾಗಿ 30 ಕಿ.ಮೀ. ದಾಟುತ್ತದೆ. ಇಷ್ಟು ದಿನ ಬೆಳಗಿನ ಜಾವ ಎದ್ದು ಓಡುವವರನ್ನು ಅಕ್ಕಪಕ್ಕದವರು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಅದೇ ನನಗೆ ಮುಖ್ಯ.

ಮುಂಬೈ ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿದ್ದಾಗ ಮೇಲಿನ ಮನೆಯ ಆಂಟಿ ಲಿಫ್ಟ್‌ನಲ್ಲಿ ಸಿಕ್ಕಿದರು. "ದಿನಾ ಇಷ್ಟೊತ್ತಿಗೆ ಎಲ್ಲಿಗಮ್ಮಾ?" ಅಂದರು. ಮ್ಯಾರಥಾನ್ ಓಡುತ್ತೇನೆ, ಆ ಹೆಸರಲ್ಲಿ ಪರಿಚಯದವರಿಂದ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತಿದ್ದೇನೆ ಅಂದೆ. ಏನೂ ಹೇಳದೆ ಹೋದರು. ಸಂಜೆ ಮನೆಗೆ ಬಂದು, ಅಡುಗೆಮನೆಯಲ್ಲಿ ನಿಂತು, ಮೆಲ್ಲಗೆ ಹೇಳಿದರು: "ಎದೆಯಲ್ಲಿ ಒಂದು ಗಂಟು ಇದೆ ಕಣಮ್ಮಾ. ನೋವಿಲ್ಲ, ಅದಕ್ಕೇ ಯಾರಿಗೂ ಹೇಳಿಲ್ಲ." ಅಂಕಲ್‌ಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ನೋವಿಲ್ಲದ ಗಂಟನ್ನೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಅಂತ ಎಷ್ಟು ಜನಕ್ಕೆ ಗೊತ್ತು? ಮಾರನೇ ದಿನವೇ ಇಬ್ಬರೂ ಹೋದೆವು. ಸ್ತನದ ಎಕ್ಸ್-ರೇ ಅಂದರೆ ಮ್ಯಾಮೊಗ್ರಾಂ, ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಯಿತು. ಕ್ಯಾನ್ಸರ್ ಹೌದು, ಆದರೆ ಇನ್ನೂ ಆರಂಭದ ಹಂತ. ಆಪರೇಷನ್, ರೇಡಿಯೇಷನ್ ಎಲ್ಲ ಮುಗಿಯಿತು. ಈಗ ದಿನಾ ಒಂದು ಟಮಾಕ್ಸಿಫೆನ್ ಮಾತ್ರೆ ನುಂಗುತ್ತಾರೆ. ಗರ್ಭ ತಡೆಯಲು ಆಗುತ್ತದೇನೋ ಅಂತ 1960ರ ದಶಕದಲ್ಲಿ ಮಾಡಿದ ಔಷಧಿ ಅದು. ಅದು ಸ್ತನ ಕ್ಯಾನ್ಸರ್‌ಗೆ ಕೆಲಸ ಮಾಡುತ್ತದೆ ಅಂತ ತೋರಿಸಿದ್ದು ವರ್ಷಗಟ್ಟಲೆ ನಡೆದ ಸಂಶೋಧನೆ. ಅಂಥ ಕೆಲಸಕ್ಕೆ ಹಣ ಬೇಡವಾ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಸಲ ನನಗಿಂತ ಜಾಸ್ತಿ ಹಣ ಕೂಡಿಸಿದ್ದು ಆಂಟಿಯೇ.

ವಿರೋಧ: ಹಣ ನೇರವಾಗಿ ಹೋಗಲಿ

ಈ ಬದಿ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ಓಡುವವರ ಮೇಲೆ ನನಗೆ ಸಿಟ್ಟಿಲ್ಲ. ಟೆರ್ರಿ ಫಾಕ್ಸ್‌ನಂಥವರು ಲಕ್ಷಕ್ಕೊಬ್ಬರು. ಅವನನ್ನು ಇಟ್ಟುಕೊಂಡು ಎಲ್ಲರಿಗೂ ಒಂದು ನಿಯಮ ಮಾಡಲಾಗದು.

ಬೆಂಗಳೂರಿನಿಂದ ಮುಂಬೈಗೆ ಹೋಗಿ ಓಡಲು ವಿಮಾನ, ಹೋಟೆಲ್, ಶೂ ಎಲ್ಲಕ್ಕೂ ಖರ್ಚಿದೆ. ಆ ದುಡ್ಡೂ ಸಂಶೋಧನೆಗೇ ಹೋಗಬಹುದಿತ್ತು. ಸಂಶೋಧನೆಗೆ ವರ್ಷಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಜನವರಿಯ ಒಂದು ಭಾನುವಾರದ ಉತ್ಸಾಹಕ್ಕಿಂತ ಪ್ರತಿ ತಿಂಗಳು ಖಾತೆಯಿಂದ ತಾನಾಗಿ ಹೋಗುವ ಐನೂರು ರೂಪಾಯಿ ಜಾಸ್ತಿ ಉಪಯೋಗ. ಸರ್ಕಾರ ಕೊಡಬೇಕಾದ್ದನ್ನು ಕೊಡುವುದು ಅದಕ್ಕಿಂತ ಮುಖ್ಯ.

ನನಗೆ ನಿಜವಾಗಿ ಬೇಸರ ತರುವುದು ಆಫೀಸಿನ ವಾಟ್ಸ್ಆ್ಯಪ್ ಗ್ರೂಪು. ಮ್ಯಾನೇಜರ್ ದೇಣಿಗೆ ಲಿಂಕ್ ಹಾಕಿದರೆ ಮೊನ್ನೆ ಸೇರಿದ ಟ್ರೈನಿ ಇಲ್ಲ ಅನ್ನೋಕಾಗುತ್ತಾ? ಊರಿಗೆ ಹಣ ಕಳಿಸಬೇಕಾದ ಹುಡುಗರೂ ಸಾವಿರ ಹಾಕುತ್ತಾರೆ. ಪಟ್ಟಿಯಲ್ಲಿ ಹೆಸರು ಕಾಣಬೇಕಲ್ಲ.

ಹಣ ಕೇಳುವ ಪುಟದಲ್ಲಿ ಮೊದಲ ಸಾಲಿಗೇ ಓಡುವವರು ತಮ್ಮ ಕೈಯಿಂದ ಎಷ್ಟು ಹಾಕಿದೆವು ಅಂತ ಬರೆಯಲಿ. ಕೊಡುವವರ ಹೆಸರು ಮುಚ್ಚಿಡಲಿ. ಅಷ್ಟಾದರೆ ನನ್ನ ಅರ್ಧ ತಕರಾರು ಹೋಗುತ್ತದೆ.