ಆಲೋಚನೆಗೆ ಭಾವನೆಯ ಹೆಸರು ಕೊಟ್ಟಾಗ

"ನೀನು ನನ್ನನ್ನು ಕಡೆಗಣಿಸುತ್ತಿದ್ದೀಯ ಎಂಬುದು ನನ್ನ ಭಾವನೆ" ಎಂದು ಒಬ್ಬರು ಹೇಳುತ್ತಾರೆ. "ನಾನು ಯಾವಾಗ ಕಡೆಗಣಿಸಿದೆ?" ಎಂದು ಎದುರಿನವರು ವಾದಕ್ಕೆ ನಿಲ್ಲುತ್ತಾರೆ. "ನನ್ನ ಭಾವನೆಗೆ ಇಲ್ಲಿ ಬೆಲೆಯೇ ಇಲ್ಲ" ಎಂದು ಮೊದಲಿನವರು ಇನ್ನಷ್ಟು ನೊಂದುಕೊಳ್ಳುತ್ತಾರೆ. ಹತ್ತಿರದವರ ನಡುವಿನ ಎಷ್ಟೋ ಜಗಳಗಳು ಇದೇ ಜಾಡಿನಲ್ಲಿ ಸುತ್ತುತ್ತವೆ. ಆದರೆ ಇಲ್ಲಿ ಹೇಳಿದ್ದು ಭಾವನೆಯೇ ಅಲ್ಲ. ಅದು ಇನ್ನೊಬ್ಬರ ನಡವಳಿಕೆಯ ಮೇಲೆ ಕೊಟ್ಟ ತೀರ್ಪು, ಅಂದರೆ ಒಂದು ಆಲೋಚನೆ. ಆ ತೀರ್ಪಿನ ಅಡಿಯಲ್ಲಿ ದುಃಖವಿರಬಹುದು, ಒಂಟಿಯಾಗಿಬಿಡುವ ಭಯವಿರಬಹುದು, ಅವಮಾನವಿರಬಹುದು. ಅದು ಬಾಯಿಗೆ ಬಂದಿದ್ದರೆ ಎದುರಿನವರಿಗೆ ವಾದಿಸಲು ಏನೂ ಇರುತ್ತಿರಲಿಲ್ಲ. ಆಲೋಚನೆಯನ್ನು ಸರಿ ಅಥವಾ ತಪ್ಪು ಎಂದು ಚರ್ಚಿಸಬಹುದು. "ನನಗೆ ಭಯವಾಗುತ್ತಿದೆ" ಎಂದವರಿಗೆ "ಇಲ್ಲ, ನಿನಗೆ ಭಯವಾಗುತ್ತಿಲ್ಲ" ಎಂದು ಯಾರೂ ವಾದಿಸಿ ಗೆಲ್ಲಲಾರರು.

ರಾತ್ರಿ ಹೊತ್ತು ಮೇಲಧಿಕಾರಿಯಿಂದ "ನಾಳೆ ಬೆಳಿಗ್ಗೆ ಸ್ವಲ್ಪ ಮಾತಾಡಬೇಕು" ಎಂಬ ಒಂದೇ ಸಾಲಿನ ಸಂದೇಶ ಬಂತೆನ್ನಿ. ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ, ಫೋನ್ ಹಿಡಿದ ಅಂಗೈ ಬೆವರುತ್ತದೆ. ಇವು ದೇಹದ ಸಂವೇದನೆಗಳು. "ಕೆಲಸ ಹೋಯಿತು, ಮನೆಯಲ್ಲಿ ಏನೆಂದು ಹೇಳಲಿ" ಎಂಬುದು ಆಲೋಚನೆ. ಇವೆರಡರ ಜೊತೆ ಬಂದಿರುವ ಭಯವೇ ಭಾವನೆ, ಆ ಭಯ ನನ್ನೊಳಗಿದೆ ಎಂಬ ಅರಿವಾಗಿ ಬರುವ ತಳಮಳವೇ ಅನುಭೂತಿ. ಕೊನೆಯ ಎರಡರ ನಡುವಿನ ಗೆರೆ ಬಹಳ ತೆಳುವಾದದ್ದು. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರು ದೇಹದಲ್ಲಿ ನಡೆಯುವ ಬದಲಾವಣೆಗಳ ಮೊತ್ತವನ್ನು ಭಾವನೆಯೆಂದೂ ಆ ಬದಲಾವಣೆಯನ್ನು ಮನಸ್ಸು ಗುರುತಿಸುವುದನ್ನು ಅನುಭೂತಿಯೆಂದೂ ಬೇರ್ಪಡಿಸುತ್ತಾರೆ. ದಿನನಿತ್ಯದ ಬದುಕಿಗೆ ಅಷ್ಟು ಸೂಕ್ಷ್ಮ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಮೊದಲಿನ ಎರಡನ್ನು, ಅಂದರೆ ದೇಹವನ್ನೂ ಆಲೋಚನೆಯನ್ನೂ, ಭಾವನೆಯಿಂದ ಬಿಡಿಸಿ ನೋಡಲೇಬೇಕು. ಆ ಸಂದೇಶದಲ್ಲಿ ಕೆಲಸ ಹೋಗುವ ಮಾತೇ ಇಲ್ಲ. ಅದನ್ನು ಸೇರಿಸಿದ್ದು ನಮ್ಮ ತಲೆ. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಅವರು ಖಿನ್ನತೆಯ ರೋಗಿಗಳಲ್ಲಿ ಗುರುತಿಸಿದ್ದು ಇಂಥವುಗಳನ್ನೇ: ಕರೆಯದೆ ಬರುವ, ಕ್ಷಣಾರ್ಧದಲ್ಲಿ ಹಾದುಹೋಗುವ, ಪರೀಕ್ಷೆಗೆ ಒಳಗಾಗದೆಯೇ ಸತ್ಯವೆನಿಸಿಬಿಡುವ ಆಲೋಚನೆಗಳು. ಅವುಗಳನ್ನು ಹಿಡಿದು ನಿಲ್ಲಿಸಿ ಸಾಕ್ಷ್ಯ ಕೇಳುವುದು ಅವರು ರೂಪಿಸಿದ ಚಿಕಿತ್ಸೆಯ ಮುಖ್ಯ ಭಾಗ. ಆಲೋಚನೆಯನ್ನು ಭಾವನೆಯೆಂದು ಕರೆದೊಡನೆ ಅದಕ್ಕೆ ಸಾಕ್ಷ್ಯ ಕೇಳುವ ಹಕ್ಕನ್ನೇ ನಾವು ಬಿಟ್ಟುಕೊಡುತ್ತೇವೆ.

ದೇಹದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ದೇಹ ಹತ್ತಾರು ಕಾರಣಗಳಿಗೆ ಒಂದೇ ಲಕ್ಷಣವನ್ನು ತೋರಿಸುತ್ತದೆ. ಭರತಮುನಿಯ ನಾಟ್ಯಶಾಸ್ತ್ರವು ಬೆವರು, ನಡುಕ, ರೋಮಾಂಚ, ಕಣ್ಣೀರು ಮೊದಲಾದ 8 ಸಾತ್ತ್ವಿಕ ಭಾವಗಳನ್ನು, ಅಂದರೆ ದೇಹದಲ್ಲಿ ತಾನಾಗಿ ಮೂಡುವ ಲಕ್ಷಣಗಳನ್ನು, ಶೋಕ, ಭಯ, ಕ್ರೋಧಗಳಂಥ ಸ್ಥಾಯಿಭಾವಗಳಿಂದ, ಅಂದರೆ ಮನಸ್ಸಿನಲ್ಲಿ ನೆಲೆಸುವ ಮೂಲ ಭಾವನೆಗಳಿಂದ, ಬೇರೆಯಾಗಿಯೇ ಎಣಿಸುತ್ತದೆ. ಕಣ್ಣೀರಿಗೆ ಕಾರಣ ಹೇಳುವಾಗ ಶೋಕ, ಆನಂದ, ಭಯಗಳ ಪಕ್ಕದಲ್ಲೇ ಹೊಗೆಯನ್ನೂ ಆಕಳಿಕೆಯನ್ನೂ ನಿಲ್ಲಿಸುತ್ತದೆ. ಈ ನಿಖರತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಎಂಬ ಮನೋವಿಜ್ಞಾನಿಗಳು ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು, ಅದರಿಂದ ಎದೆ ಬಡಿತ ಹೆಚ್ಚುತ್ತದೆಂದು ಕೆಲವರಿಗಷ್ಟೇ ತಿಳಿಸಿದರು. ತಿಳಿಯದವರು ಪ್ರಯೋಗಕ್ಕಾಗಿಯೇ ಜೊತೆಗೆ ಕೂರಿಸಿದ್ದ ವ್ಯಕ್ತಿ ತೋರಿಸಿದ ಉಲ್ಲಾಸಕ್ಕೋ ಸಿಟ್ಟಿಗೋ ಹೆಚ್ಚಾಗಿ ವಾಲಿದರೆಂದು ಅವರು ವರದಿ ಮಾಡಿದರು. ನಂತರ ಇತರರು ಮಾಡಿದ ಪ್ರಯೋಗಗಳಲ್ಲಿ ಅದೇ ಫಲ ಪೂರ್ತಿಯಾಗಿ ಸಿಗಲಿಲ್ಲವಾದರೂ, ಕಾರಣ ತಿಳಿಯದ ಎದೆಬಡಿತಕ್ಕೆ ಮನಸ್ಸು ತಾನೇ ಒಂದು ಕಾರಣ ಹುಡುಕುತ್ತದೆ ಎಂಬುದು ನಿದ್ದೆಗೆಟ್ಟ ಯಾರಿಗಾದರೂ ಗೊತ್ತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಆತಂಕವಾಗುತ್ತದೆ. ಆದ್ದರಿಂದ ಎದೆನೋವನ್ನು "ಟೆನ್ಷನ್ ಇರಬೇಕು" ಎಂದು ತಳ್ಳಿಹಾಕುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಮೊದಲು ವೈದ್ಯರು ನೋಡಲಿ; ಭಾವನೆಯ ವಿಚಾರ ಆಮೇಲೆ.

ಇದಕ್ಕೆ ವಿರುದ್ಧವಾದ ಕಷ್ಟವೂ ಇದೆ. ಭಾವನೆಯು ದೇಹದ ನೋವಾಗಿ ಮಾತ್ರ ತಿಳಿಯುವವರಿದ್ದಾರೆ. ತಲೆನೋವು, ಹೊಟ್ಟೆನೋವು ಎಂದು ಹೇಳಬಲ್ಲರು, ದುಃಖವಾಗಿದೆ ಎಂದು ಹೇಳಲಾರರು. 1970ರ ದಶಕದಲ್ಲಿ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಅವರು ಈ ಸ್ಥಿತಿಗೆ ಅಲೆಕ್ಸಿಥೈಮಿಯಾ ಎಂದು ಹೆಸರಿಟ್ಟರು. ಅದನ್ನು ಅಳೆಯಲು ಹೆಚ್ಚಾಗಿ ಬಳಸುವ 20 ಹೇಳಿಕೆಗಳ ಪ್ರಶ್ನಾವಳಿಯ ಒಂದು ಭಾಗವು ಭಾವನೆಯನ್ನೂ ದೇಹದ ಸಂವೇದನೆಯನ್ನೂ ಬೇರ್ಪಡಿಸುವ ಕಷ್ಟವನ್ನೇ ಕುರಿತದ್ದು. ಇಂಥವರನ್ನು ಕಲ್ಲುಮನಸ್ಸಿನವರೆಂದು ಕರೆಯುವುದು ಅನ್ಯಾಯ.

ಹೆಸರಿಟ್ಟು ಹೇಳುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಉತ್ತರವಿದೆ. 2007ರಲ್ಲಿ ಪ್ರಕಟವಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಚಿತ್ರದ ಮುಖದಲ್ಲಿ ಕಾಣುವ ಭಾವನೆಯನ್ನು ಪದದಿಂದ ಗುರುತಿಸಿದಾಗ ಭಯದಂಥ ಭಾವನೆಗಳಲ್ಲಿ ಚುರುಕಾಗುವ ಮಿದುಳಿನ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿತ್ತು. ಸರಿಯಾದ ಹೆಸರು ಸಿಕ್ಕರೆ ಭಾವನೆ ಮಾಯವಾಗುವುದಿಲ್ಲ, ಅದನ್ನು ಹೊರುವುದು ಸ್ವಲ್ಪ ಹಗುರವಾಗುತ್ತದೆ.

ಇದರ ಕಲಿಕೆ ಬಾಲ್ಯದಲ್ಲೇ ಶುರುವಾಗುತ್ತದೆ ಎಂಬ ಕಾರಣಕ್ಕೆ ಹೆತ್ತವರಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಹೊರಡುವ ಹೊತ್ತಿಗೆ ಮಗು ಹೊಟ್ಟೆನೋವು ಎಂದರೆ "ನಾಟಕ ಆಡಬೇಡ" ಎಂದು ಗದರಬೇಡಿ. ಭಯದಿಂದ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಎಲ್ಲಿ ನೋಯುತ್ತಿದೆ ಎಂದು ಮೊದಲು ಕೇಳಿ, ಅಲ್ಲಿ ಕೈಯಿಟ್ಟು ನೋಡಿ. ಆಮೇಲೆ ಇವತ್ತು ಶಾಲೆಯಲ್ಲಿ ಏನಾಗಬಹುದೆಂದು ಅದು ಯೋಚಿಸುತ್ತಿದೆ ಎಂದು ಕೇಳಿ. ಉತ್ತರ ಬರಲು ಸಮಯ ಹಿಡಿದರೆ, ಅವತ್ತು ಶಾಲೆಗೆ ತಡವಾದರೂ ಚಿಂತೆಯಿಲ್ಲ.