ಮುಖ ನಮ್ಮೂರಿನದು, ದನಿ ಯಾರದು?

"ನಮ್ಮ ಹುಡುಗಿ ತೆಲುಗಿನಲ್ಲಿ ನಂಬರ್ ಒನ್" ಅನ್ನುವ ಮಾತು ಕರ್ನಾಟಕದಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಹೆಮ್ಮೆಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಚೆನ್ನೈಯಲ್ಲಿ ಕೂತು ಕನ್ನಡ, ತೆಲುಗು, ತಮಿಳು ಮೂರೂ ಭಾಷೆಯ ಚಿತ್ರ ನೋಡುವವರಿಗೆ ಇನ್ನೊಂದು ಪ್ರಶ್ನೆ ಏಳುತ್ತದೆ. ಗಡಿ ದಾಟಿ ಹೋದದ್ದು ಇಡೀ ನಟಿಯೋ, ದನಿಯನ್ನು ಊರಲ್ಲೇ ಬಿಟ್ಟು ಹೋದ ನಟಿಯೋ?

ಸೌಂದರ್ಯ ಅವರನ್ನೇ ನೋಡಿ. ಮುಳಬಾಗಿಲು ಸೀಮೆಯವರು, 1992ರ 'ಗಂಧರ್ವ'ದಿಂದ ಕನ್ನಡದಲ್ಲಿ ಶುರು. ತೆಲುಗಿಗೆ ಹೋಗಿ 'ಅಮ್ಮೋರು', 'ಪವಿತ್ರ ಬಂಧಂ' ಮಾಡಿದ ಮೇಲೆ ಆಂಧ್ರದ ಮನೆಮನೆಯ ಮಗಳಾದರು. ತಮಿಳಿನಲ್ಲಿ ರಜನಿಕಾಂತ್ ಜೊತೆ 1997ರಲ್ಲಿ 'ಅರುಣಾಚಲಂ', 1999ರಲ್ಲಿ 'ಪಡೆಯಪ್ಪ'. ಮುಳಬಾಗಿಲು ತೆಲುಗು ಧಾರಾಳವಾಗಿ ಓಡಾಡುವ ಗಡಿ ತಾಲೂಕು. ಹಾಗಿದ್ದೂ ಅವರ ಹಲವು ತೆಲುಗು ಚಿತ್ರಗಳಲ್ಲಿ ಕೇಳುವ ದನಿ ನಟಿ ಸರಿತಾ ಅವರದು. 'ಹೊಸಬೆಳಕು' ನೋಡಿದ ನಮಗೆ ಸರಿತಾ ಎಂದರೆ ಆ ದೊಡ್ಡ ಕಣ್ಣುಗಳು. ತೆಲುಗರು ಮಾತ್ರ ಅವರನ್ನು ಎಷ್ಟೋ ನಾಯಕಿಯರ ಬಾಯಲ್ಲಿ ವರ್ಷಗಟ್ಟಲೆ ಕೇಳಿದ್ದಾರೆ.

ಇದಕ್ಕೆ ಎದುರಾಗಿ ಬಿ. ಸರೋಜಾದೇವಿ. 1955ರ 'ಮಹಾಕವಿ ಕಾಳಿದಾಸ'ದಿಂದ ಬಂದವರು, 1958ರಲ್ಲಿ ಎಂಜಿಆರ್ ಅವರ 'ನಾಡೋಡಿ ಮನ್ನನ್', ಮರುವರ್ಷ 'ಕಲ್ಯಾಣ ಪರಿಸು'. ಅವರ ತಮಿಳಿನಲ್ಲಿ ಕನ್ನಡದ ರಾಗ ಎದ್ದು ಕೇಳುತ್ತಿತ್ತು, ಮಾತು ಸ್ವಲ್ಪ ಮಗುವಿನಂತೆ ಮುದ್ದುಮುದ್ದಾಗಿ ಬರುತ್ತಿತ್ತು. ತಮಿಳರು ಅದನ್ನು ಒರೆಸಿ ಹಾಕಲಿಲ್ಲ, 'ಕನ್ನಡತ್ತು ಪೈಂಗಿಳಿ' (ಕನ್ನಡದ ಹಸಿರು ಗಿಳಿ) ಎಂದು ಬಿರುದು ಕೊಟ್ಟು ಉಳಿಸಿಕೊಂಡರು. ಉಚ್ಚಾರದ ಊನವೇ ಗುರುತಾಯಿತು. ಇಂದಿಗೂ ಇಲ್ಲಿನ ಮಿಮಿಕ್ರಿಯವರು ಸರೋಜಾದೇವಿಯನ್ನು ಅನುಕರಿಸುವುದು ಮುಖದಿಂದಲ್ಲ, ಆ ಎಳೆದಾಡುವ ದನಿಯಿಂದ.

ಕನ್ನಡದವರ ನಾಲಿಗೆ ಎಲ್ಲೆಲ್ಲಿ ಎಡವುತ್ತದೆ ಅನ್ನುವುದೂ ಎರಡು ಭಾಷೆಗಳಲ್ಲಿ ಬೇರೆಬೇರೆ. ತೆಲುಗಿನ ಪದಗಳು ನಮ್ಮವುಗಳಂತೆ ಸ್ವರದಲ್ಲಿ ಮುಗಿಯುವುದರಿಂದ ತುಟಿಯ ಅಳತೆ ಸುಲಭವಾಗಿ ಕೂಡುತ್ತದೆ. ಕೈಕೊಡುವುದು ಚಕಾರ, ಜಕಾರ. 'ಚೆಪ್ಪು' ಎನ್ನುವಾಗ ಇರುವ ಚ ನಮ್ಮದೇ. 'ಚಾಲಾ' ಎನ್ನುವಾಗ ಅದು ತ್ಸ ಕಡೆಗೆ ವಾಲುತ್ತದೆ, ನಾಲಿಗೆ ಹಲ್ಲಿನ ಹಿಂದಕ್ಕೆ ಬರಬೇಕು. ಜಡೆಗೆ ಅವರನ್ನುವ 'ಜಡ'ದಲ್ಲೂ ಹಾಗೇ. ಇದೊಂದು ತಪ್ಪಿದರೆ ಉಳಿದೆಲ್ಲ ಸರಿಯಿದ್ದರೂ ಗುಂಟೂರಿನವರು ಮೊದಲ ವಾಕ್ಯದಲ್ಲೇ ಹಿಡಿದುಬಿಡುತ್ತಾರೆ.

ತಮಿಳಿನ ತೊಡಕು ಬರಹದಿಂದಲೇ ಶುರು. ಒಂದೇ ಅಕ್ಷರವನ್ನು ಜಾಗ ನೋಡಿ ಪ ಎಂದೋ ಬ ಎಂದೋ ಓದಬೇಕು. ಸಂಭಾಷಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡುವ ಸಹಾಯಕ ಅಕ್ಷರಕ್ಕೆ ಅಕ್ಷರ ಇಳಿಸಿದರೆ 'ತಂಬಿ' ಹೋಗಿ 'ತಮ್ಪಿ' ಆಗುತ್ತದೆ. ಕಿವಿಗೆ ಕೇಳಿದಂತೆ ಬರೆಯಬೇಕು, ಕಣ್ಣಿಗೆ ಕಂಡಂತೆ ಅಲ್ಲ. ಆಮೇಲೆ ೞ, ನಾಲಿಗೆ ಮಡಿಸಿ ಹೇಳುವ, ರ ಮತ್ತು ಳಗಳ ನಡುವಿನ ದನಿ. ಹಳಗನ್ನಡದಲ್ಲಿ ನಮಗೂ ಇತ್ತು, 'ಏೞು' ಎಂದೇ ಬರೆಯುತ್ತಿದ್ದೆವು. ನಾವು ಕಳೆದುಕೊಂಡೆವು, ಅವರು ಇಟ್ಟುಕೊಂಡರು. ಬೆಂಗಳೂರಿನಿಂದ ಬಂದ ನಾಯಕಿ ಹಣ್ಣಿಗೆ 'ಪೞಂ' ಅನ್ನುವುದನ್ನು 'ಪಳಂ' ಅಂದರೆ ಧ್ವನಿಮುದ್ರಕ ಕೈ ಎತ್ತಿಬಿಡುತ್ತಾನೆ. (ಚೆನ್ನೈಯಲ್ಲೇ ಹುಟ್ಟಿದವರು ಎಷ್ಟೋ ಜನ 'ಪಳಂ' ಅನ್ನುತ್ತಾರೆ, ಅವರಿಗೆ ಮಾಫಿ.)

ಡಬ್ಬಿಂಗ್ ಕಲಾವಿದೆ ಬೇಕೇಬೇಕು ಎಂಬ ಹಠ ಹುಟ್ಟಿದ್ದರಲ್ಲಿ ಯಂತ್ರದ ಪಾಲೂ ಇತ್ತು. ಫಿಲಂ ಕಾಲದಲ್ಲಿ ರೀಲನ್ನು ತುಂಡು ಮಾಡಿ, ಎರಡು ತುದಿ ಅಂಟಿಸಿ, ಬಳೆಯ ಹಾಗೆ ಪ್ರೊಜೆಕ್ಟರಿನಲ್ಲಿ ಸುತ್ತಿಸುತ್ತಿದ್ದರು. ಅದೇ ಲೂಪ್. ಎರಡು ಮೂರು ಸುತ್ತು ನೋಡಿ, ಎಲ್ಲಿ ಉಸಿರು, ಎಲ್ಲಿ ತುಟಿ ಮುಚ್ಚಿದೆ ಎಂದು ಲೆಕ್ಕ ಹಾಕಿಕೊಂಡು ಮಾತು ಬಿಡಬೇಕು. ಕೊನೆಯ ಪದ ತಪ್ಪಿದರೂ ಇಡೀ ಲೂಪ್ ಮತ್ತೆ. ಭಾಷೆ ಬಾರದವರಿಗೆ ಅದು ನಿಜಕ್ಕೂ ಯಮಯಾತನೆ. ಈಗ ಹಾಗಿಲ್ಲ. ಕಂಪ್ಯೂಟರಿನಲ್ಲಿ ಒಂದೊಂದು ಸಾಲನ್ನು, ಬೇಕಾದರೆ ಒಂದು ಪದವನ್ನು ಮಾತ್ರ ಮತ್ತೆ ಹೇಳಿಸಿ ಕೂಡಿಸಬಹುದು. ಅನುಭವಿ ಕಲಾವಿದೆ ಒಂದೆರಡು ದಿನದಲ್ಲಿ ಮುಗಿಸುವುದಕ್ಕೆ ಹೊಸಬಳಿಗೆ ವಾರ ಹಿಡಿಯಬಹುದು, ಅಷ್ಟೇ. ನಿರ್ಮಾಪಕರಿಗೆ ಭಾರವಾಗುವುದು ಭಾಷೆಯಲ್ಲ, ಆ ವಾರದ ಕಾಲ್‌ಶೀಟು.

ಯಾವ ಯಂತ್ರವೂ ಸರಿಮಾಡಲಾಗದ ತಪ್ಪು ನಡೆಯುವುದು ಸೆಟ್ಟಿನಲ್ಲೇ. ಸಹಾಯಕ ನಿರ್ದೇಶಕ ಹೊರಗಿನಿಂದ ಸಾಲು ಕೂಗುತ್ತಾನೆ, ನಟಿ ಕೇಳಿಸಿಕೊಂಡು ಹೇಳುತ್ತಾಳೆ. ಆ ಒಂದು ಕ್ಷಣ ಕಣ್ಣು ಖಾಲಿಯಾಗುತ್ತದೆ. ಸಂಭಾಷಣೆಯ ಬದಲು 'ಒಂದು, ಎರಡು, ಮೂರು' ಎಂದು ಎಣಿಸಿ ಮುಗಿಸುವವರೂ ಇದ್ದಾರೆ. ಅಲ್ಲಿ ಪ, ಬ, ಮ ಅಕ್ಷರಗಳಿಗೆ ತುಟಿ ಕೂಡಬೇಕಾದ ಕಡೆ ಬಾಯಿ ತೆರೆದೇ ಇರುತ್ತದೆ. ಸರಿತಾ ಅಂಥವರು ಎಷ್ಟೇ ಜಾಣತನದಿಂದ ಪದ ಬದಲಿಸಿ ಕೂರಿಸಿದರೂ ಕ್ಲೋಸಪ್ಪಿನಲ್ಲಿ ಗುಟ್ಟು ರಟ್ಟಾಗುತ್ತದೆ.

ಹೊರಗಿನ ದನಿಯೇ ಬೇಡ ಎನ್ನಲಾಗದು. ಸಮಂತಾ ಅವರ 'ಯೇ ಮಾಯ ಚೇಸಾವೆ'ಗೆ ದನಿ ಕೊಟ್ಟ ಗಾಯಕಿ ಚಿನ್ಮಯಿಗೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿ ಸಿಕ್ಕಿತು. ಸಾಲ ತಂದ ದನಿಯನ್ನು ತೆಲುಗಿನವರು ಕನಿಷ್ಠ ಲೆಕ್ಕದಲ್ಲಿ ಬರೆದುಕೊಂಡರು. ನಮ್ಮಲ್ಲಿ 'ಡಬ್ಬಿಂಗ್' ಎಂದೊಡನೆ ದಶಕಗಳ ಕಾಲ ನೆನಪಾದದ್ದು ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ವಿರುದ್ಧದ ಹೋರಾಟ. 2015ರಲ್ಲಿ ಅಂಥ ಚಿತ್ರಗಳನ್ನು ತಡೆಯುವುದು ತಪ್ಪು ಎಂದು ಸ್ಪರ್ಧಾ ಆಯೋಗದ ಆದೇಶ ಬರುವವರೆಗೂ ಜಗಳ ಅದರ ಸುತ್ತಲೇ. ಅದೇ ಹೊತ್ತಿನಲ್ಲಿ ಮುಂಬಯಿಯಿಂದ ಬಂದ ನಾಯಕಿಯರ ತುಟಿಗೆ ನಮ್ಮ ಹುಡುಗಿಯರು ಕನ್ನಡ ತುಂಬುತ್ತಲೇ ಇದ್ದರು. ಅವರ ಹೆಸರು ಎಷ್ಟು ಪ್ರೇಕ್ಷಕರಿಗೆ ಗೊತ್ತು?

ಸೌಂದರ್ಯ ನಟಿಸಿದ, ಅವರು ತೀರಿಕೊಂಡ ಮೇಲೆ 2004ರಲ್ಲಿ ತೆರೆಕಂಡ 'ಆಪ್ತಮಿತ್ರ'ದ ನಾಗವಲ್ಲಿಗೆ ಮೂಲ 1993ರ ಮಲಯಾಳಂ 'ಮಣಿಚಿತ್ರತ್ತಾಳ್'. ಅದರಲ್ಲಿ ಶೋಭನಾ ಅವರ ಗಂಗಾಗೆ ಒಬ್ಬರ ದನಿ, ಅವಳೇ ನಾಗವಲ್ಲಿಯಾಗಿ ತಮಿಳಿನಲ್ಲಿ ಗುಡುಗುವಾಗ ಇನ್ನೊಬ್ಬರದು. ನಟಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಗುಡುಗು ದುರ್ಗಾ ಎಂಬ ಕಲಾವಿದೆಯದು ಎಂದು ನಿರ್ದೇಶಕ ಫಾಜಿಲ್ ಬಾಯಿಬಿಟ್ಟದ್ದು 2016ರಲ್ಲಿ.